ಒಂದೇ ಸಾಲಿನ ಹೊಂಬಾಳಮ್ಮ

ಮಂಡ್ಯ, ೧೨ ಸೆಪ್ಟೆಂಬರ್ ೧೯೩೭, ಭಾನುವಾರ

ಗೌರಿಹಬ್ಬಕ್ಕೆಂದು ಚಿಕ್ಕಪ್ಪನ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟೆ. ಚಿಕ್ಕಪ್ಪ ಶ್ಯಾಮಣ್ಣನವರ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹಬ್ಬದ ಮಾರನೆಯ ದಿನವೇ ಹೊರಟುಹೋದ. ಚಿಕ್ಕಪ್ಪನಿಗೆ ಒಂದು ಕಣ್ಣಿನಲ್ಲಿ ಪೊರೆ. ಸಣ್ಣ ಮೊಳೆ ಹಿಡಿದರೆ ಯಾವ ಅಕ್ಷರವೆಂದು ತಿಳಿಯುವುದಿಲ್ಲ. "ಬಿ.ಎ. ಓದಿದವಳು, ಅಕ್ಷರ ಗೊತ್ತಿರುತ್ತೆ. ಸ್ವಲ್ಪ ದಿನ ಜೊತೆಗಿರೇ ಕನಕ" ಎಂದರು. ಮೈಸೂರಿನ ಹೆಣ್ಣುಮಕ್ಕಳ ಸ್ಕೂಲಿನಿಂದ ಕೆಲಸದ ಆರ್ಡರು ಬರುವವರೆಗೆ ನನಗೂ ಬೇರೆ ಕೆಲಸವಿಲ್ಲ.

ಅಚ್ಚುಕೂಟವೆಂದರೆ ಮನೆಯ ಮುಂದಿನ ಕೋಣೆ. ಅದಕ್ಕೂ ನಡುಮನೆಗೂ ನಡುವೆ ಒಂದು ಪರದೆ. ಗಿರಾಕಿಗಳು ಬಂದರೆ ನಾನು ಪರದೆಯ ಹಿಂದೆ ಹೋಗುತ್ತೇನೆ. ಅವರು ಹೋದ ಮೇಲೆ ಚಿಕ್ಕಪ್ಪ, "ಹೋದರು, ಬಾ" ಎಂದು ಕರೆಯುತ್ತಾರೆ. ಇದು ನಮ್ಮಿಬ್ಬರ ಏರ್ಪಾಡು. ಇದರ ಬಗ್ಗೆ ನಾವು ಮಾತಾಡಿಕೊಂಡಿಲ್ಲ.

ಮದುವೆಯ ಕರೆಯೋಲೆ, ಸೊಸೈಟಿಯ ರಸೀತಿ, ಔಷಧದ ಅಂಗಡಿಯ ಚೀಟಿ. ಇಷ್ಟೇ ಕೆಲಸ. ಕಾಲೇಜಿನಲ್ಲಿ ಸಾಹಿತ್ಯ ಓದುವಾಗ ಅಕ್ಷರದ ಮೂಲಕ ಏನನ್ನೋ ನೋಡುತ್ತಿದ್ದೆ. ಅಕ್ಷರವನ್ನೇ ನೋಡಿರಲಿಲ್ಲ. ಮೊಳೆಯ ಮೇಲೆ ಅದು ತಿರುವುಮುರುವಾಗಿರುತ್ತದೆ. ಮೊದಲು ತೊಡಕಾಯಿತು. ಈಗ ಅದೇ ಸರಿ, ಪುಸ್ತಕದಲ್ಲಿರುವುದೇ ತಿರುಗಿದೆ ಅನ್ನಿಸುತ್ತದೆ.

೧೪ ಸೆಪ್ಟೆಂಬರ್, ಮಂಗಳವಾರ

ಇವತ್ತು ಪರದೆಯ ಹಿಂದೆ ಬಹಳ ಹೊತ್ತು ನಿಂತಿರಬೇಕಾಯಿತು. ನಾಟಕದ ಕಂಪನಿಯ ಯಜಮಾನರು ಚಿಕ್ಕಬೋರಯ್ಯ ಬಂದಿದ್ದರು. ಜೊತೆಗೆ ರಾಣಿಯ ಪಾತ್ರ ಮಾಡುವ ಹೊಂಬಾಳಮ್ಮ. ಕಂಪನಿ ಮಳೆಗಾಲಕ್ಕೆ ಮದ್ದೂರಿನಲ್ಲಿ ತಂಗಿದೆ. ದಸರೆ ಮುಗಿದ ಕೂಡಲೆ ಮಳವಳ್ಳಿಯಲ್ಲಿ ಡೇರೆ. ಅದಕ್ಕೆ ಕಂಬಕ್ಕೆ ಅಂಟಿಸುವ ಕಾಗದ ಬೇಕು. ಅಗಲ ಒಂದು ಗೇಣು, ಉದ್ದ ಬೇಕಾದಷ್ಟು. ದೀಪದ ಕಂಬ, ಅರಳಿಮರ, ಬಸ್ಸಿನ ಬೆನ್ನು, ಎಲ್ಲಕ್ಕೂ ಅದೇ ಅಳತೆ.

"ಮೇಲ್ಗಡೆ ಶಿವಯ್ಯನ ಹೆಸರು ದಪ್ಪಕೆ ಬರ್ಲಿ ಸ್ವಾಮಿ. ರಾಜನ ಪಾರ್ಟು ಅವನ್ದು. ಕೆಳಗೆ ಮಾಮೂಲಿ" ಎಂದರು ಚಿಕ್ಕಬೋರಯ್ಯ.

"ಮಾಮೂಲಿ ಅಂದ್ರೆ ನಾನು" ಎಂದಳು ಹೊಂಬಾಳಮ್ಮ. "ಕೊನೇಲಿ ‘ಮತ್ತು ಹೊಂಬಾಳಮ್ಮ’. ಇರುವೆ ಸಾಲಿನಂಗೆ."

"ನಿನ್ನ ಹೆಸರು ಉದ್ದ ಕಣಮ್ಮ. ಶಿವಯ್ಯ ಅಂದ್ರೆ ಮೂರಕ್ಸರ, ಕೂತ್ಕತದೆ. ನಿಂದು ಕಾಗದ ಬುಟ್ಟು ಆಚೆಗೋಯ್ತದೆ. ಕಾಗದಕ್ಕೇನು ತೇಪೆ ಆಕ್ಲಾ?"

"ಎರಡು ಸಾಲು ಮಾಡಿ."

"ಅರ್ಧ ಹೆಂಗ್ಸು ಮೇಲೆ, ಅರ್ಧ ಹೆಂಗ್ಸು ಕೆಳಗೆ. ಓದೋರು ನಗಾಡ್ತಾರೆ."

ಹೊಂಬಾಳಮ್ಮ ಚಿಕ್ಕಪ್ಪನ ಕಡೆಗೆ ತಿರುಗಿದಳು. ಪರದೆಯ ಸಂದಿನಿಂದ ಅವಳ ಮುಖ ಕಾಣುತ್ತಿತ್ತು. ದಪ್ಪ ಹುಬ್ಬು, ಅಗಲ ಹಣೆ. "ಸ್ವಾಮಿ, ಮದ್ದೂರಲ್ಲಿ ಏನಾಯ್ತು ಗೊತ್ತಾ? ನಾನು ಗಂಡ್ಸೋ ಹೆಂಗ್ಸೋ ಅಂತ ಬಾಜಿ ಕಟ್ಟಿದ್ರು. ಇಷ್ಟು ದಿನ ನಾಟಕದಾಗೆ ಸೀರೆ ಉಟ್ಟೋರೆಲ್ಲ ಗಂಡಸ್ರೇ ಅಲ್ವಾ. ಹೆಸರು ಕಣ್ಣಿಗೆ ಬೀಳಾಕಿಲ್ಲ, ಯಾವನೋ ಮೀಸೆ ಬೋಳಿಸ್ಕಂಡು ನಿಂತವ್ನೆ ಅಂದ್ಕತಾರೆ. ಆಟ ಮುಗುದ್ಮೇಲೆ ಒಬ್ಬ ಡೇರೆ ಹಿಂದುಕ್ಕೆ ಬಂದು, ‘ಅಣ್ಣಾ, ಬೀಡಿ ಐತಾ?’ ಅಂದ."

ಚಿಕ್ಕಬೋರಯ್ಯ ನಕ್ಕರು. ಅವಳು ನಗಲಿಲ್ಲ.

"ಮಳವಳ್ಳೀಲಿ ನನ್ನ ಹೆಸರು ಶಿವಯ್ಯನ ಹೆಸರಷ್ಟೇ ಎತ್ತರಕ್ಕೆ ಬರ್ಲಿಲ್ಲ ಅಂದ್ರೆ ನಾನು ಆತಗೂರಿಗೆ ಓಯ್ತೀನಿ. ಅಕ್ಕನ ಗದ್ದೆ ಐತೆ. ಕಳೆ ಕಿತ್ಕಂಡಿರ್ತೀನಿ. ನಂಗೇನು."

"ಒಂದೇ ಸಾಲ್ಗೆ, ಅದೇ ಎತ್ತರಕ್ಕೆ ಕೂತ್ರೆ ಆಕಿ ಸ್ವಾಮಿ. ನಂದೇನೂ ಅಡ್ಡಿ ಇಲ್ಲ" ಎಂದರು ಚಿಕ್ಕಬೋರಯ್ಯ. ಕೂರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಧೈರ್ಯದಲ್ಲೇ ಎಲೆ ಅಡಿಕೆ ಹಾಕಿಕೊಂಡು ಎದ್ದರು.

ಅವರು ಹೋದ ಮೇಲೆ ಚಿಕ್ಕಪ್ಪ ನಮ್ಮಲ್ಲಿರುವ ದೊಡ್ಡ ಮರದ ಅಕ್ಷರಗಳನ್ನು ಜೋಡಿಸಿ ನೋಡಿದರು. ಹೊಂಬಾ ಅನ್ನುವಷ್ಟರಲ್ಲಿ ಕಾಗದ ಮುಗಿಯಿತು.

೧೬ ಸೆಪ್ಟೆಂಬರ್, ಗುರುವಾರ

ನಿನ್ನೆಯಿಂದ ಹಳೆಯ ಕರಡುಗಳ ಬೆನ್ನ ಮೇಲೆ ಅವಳ ಹೆಸರನ್ನು ಬರೆದು ನೋಡುತ್ತಿದ್ದೇನೆ. ಸುಮ್ಮನೆ, ಬೇಸರಕ್ಕೆ.

ಕನ್ನಡದ ಅಕ್ಷರಗಳಿಗೆ ಕಾಲು ಚಾಚಿ ಕೂರುವ ಅಭ್ಯಾಸ. ಮ ಅಂತೂ ಊಟದ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿದ ಹಾಗೆ; ಮೂವರ ಜಾಗ ಅದೊಂದಕ್ಕೇ ಬೇಕು. ಅಕ್ಕಪಕ್ಕದಿಂದ ಅದುಮಿದರೆ ಅಕ್ಷರ ನಲುಗುತ್ತದೆ, ಓದಲು ಬರುವುದಿಲ್ಲ. ಮಧ್ಯಾಹ್ನ ಮೈಸೂರಿನ ಬಸ್ಸು ನೆನಪಾಯಿತು. ಬರುವಾಗ ಶ್ರೀರಂಗಪಟ್ಟಣದಲ್ಲಿ ಒಂದು ಗುಂಪು ಹೆಂಗಸರು ಹತ್ತಿದರು. ಎಲ್ಲರೂ ಗಟ್ಟಿಮುಟ್ಟು. ಕೂರಲು ಜಾಗವಿಲ್ಲದೆ ನಿಂತರು. ನಿಂತ ಮೇಲೆ ಎಲ್ಲರಿಗೂ ಜಾಗವಾಯಿತು. ಯಾರೂ ಸಣ್ಣಗಾಗಲಿಲ್ಲ.

ಹಾಗಾದರೆ ಅಕ್ಷರವನ್ನು ಅದುಮಬಾರದು, ಎಬ್ಬಿಸಿ ನಿಲ್ಲಿಸಬೇಕು. ಮ ಎದ್ದು ನಿಂತಿತು. ಹೊ ತನ್ನ ಕೊಂಬನ್ನು ಪಕ್ಕಕ್ಕೆ ಚಾಚುವ ಬದಲು ಮೇಲಕ್ಕೆತ್ತಿತು. ಸೊನ್ನೆ ನೇರಳೆ ಹಣ್ಣಿನ ಹಾಗೆ ಉದ್ದಗಾಯಿತು. ತಲೆಕಟ್ಟುಗಳನ್ನು ಚೂಪು ಮಾಡಿದೆ, ಪೇಟದ ತುದಿಯಂತೆ. ಮ್ಮದ ಒತ್ತು ಕೆಳಗೆ ಇಳಿದರೆ ಸಾಲು ಕೆಡುತ್ತದೆ, ಅದಕ್ಕೆ ಒತ್ತನ್ನು ಎತ್ತಿ ಕಂಕುಳಲ್ಲಿ ಇಟ್ಟೆ.

ಗೇಣಿನೊಳಗೆ ಕೂತಿತು. ಕೂತಿತು ಎನ್ನಬಾರದು, ನಿಂತಿತು.

೧೯ ಸೆಪ್ಟೆಂಬರ್, ಭಾನುವಾರ

ಚಿಕ್ಕಪ್ಪ ಕಾಗದವನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದೇನೇ, ಕೊಡ ಹಿಡಕೊಂಡು ನಲ್ಲಿ ಮುಂದೆ ನಿಂತ ಹಾಗಿವೆ!" ಎಂದು ನಕ್ಕರು. ಆಮೇಲೆ ಅಂಗಿ ಹಾಕಿಕೊಂಡು, "ನಡೆ, ಗುತ್ತಲಿಗೆ ಹೋಗೋಣ" ಎಂದರು.

ಗುತ್ತಲಿನಲ್ಲಿ ಚಲುವಾಚಾರಿ ಎಂಬ ಬಡಗಿ ಇದ್ದಾನೆ. ಎತ್ತಿನ ಗಾಡಿ ಮಾಡುತ್ತಾನೆ. ಅಕ್ಷರ ಕೆತ್ತಿದವನಲ್ಲ. ನಾನು ಚಿಕ್ಕಪ್ಪನ ಹಿಂದೆ ನಿಂತೆ. ಅವನು ಕಾಗದವನ್ನು ನೆಲದ ಮೇಲೆ ಹಾಸಿ, ತಲೆಯನ್ನು ಈ ಕಡೆ ಆ ಕಡೆ ಮಾಡಿ ನೋಡಿದ.

"ಯಾರು ಬುದ್ಧಿ ಬರ್ದೋರು?"

ಚಿಕ್ಕಪ್ಪ ನನ್ನನ್ನು ತೋರಿಸಿದರು.

"ಚೆನ್ನಾಗವೆ ತಾಯಿ. ಆದ್ರೆ ಉಪಾಸ ಬಿದ್ದಂಗವೆ. ಇಷ್ಟು ಸಣ್ಣಕೆ ಕೆತ್ತಿದ್ರೆ ಎರಡು ಸಲ ಒತ್ತೋದ್ರೊಳಗೆ ಮುರ್ಕತವೆ. ಒಸಿ ಉಣ್ಣಾಕಿಕ್ಕಿ."

ತಲೆ ಅಲ್ಲಾಡಿಸಿದೆ.

ಮನೆಗೆ ಬಂದು ಉಣ್ಣಲಿಕ್ಕಿದೆ. ಗೆರೆಗಳನ್ನೆಲ್ಲ ದಪ್ಪ ಮಾಡಿದೆ. ಒಳಗಿನ ಬಿಳಿ ಜಾಗ ಕಿರಿದಾಗಿ ಸೀಳುಗಳಷ್ಟೇ ಉಳಿದವು. ಕೆಟ್ಟಿತು ಅಂದುಕೊಂಡೆ. ಗೋಡೆಗೆ ಒರಗಿಸಿ ದೂರದಿಂದ ನೋಡಿದರೆ ನಗು ಬಂತು. ಅಕ್ಷರಗಳೂ ನಗುವನ್ನು ತಡೆದುಕೊಂಡು ಸಾಲಾಗಿ ನಿಂತ ಹಾಗಿದ್ದವು.

೨೬ ಸೆಪ್ಟೆಂಬರ್

ಕೆತ್ತನೆ ನಡೆದಿದೆ. ತೆಳು ಕಾಗದಕ್ಕೆ ಎಣ್ಣೆ ಸವರಿ, ಹಲಸಿನ ಹಲಗೆಯ ಮೇಲೆ ಮಗುಚಿ ಅಂಟಿಸಿದರೆ ಅಕ್ಷರ ತಿರುಗಿ ಕಾಣುತ್ತದೆ. ಅದರ ಮೇಲೆ ಚಲುವಾಚಾರಿಯ ಉಳಿ.

ಚಿಕ್ಕಮ್ಮ ಮಾಡಿದ ಹುರಿಟ್ಟು ಚೆನ್ನಾಗಿತ್ತು.

೩ ಅಕ್ಟೋಬರ್, ಭಾನುವಾರ

ಬೆಳಿಗ್ಗೆ ಗುತ್ತಲಿಗೆ ಹೋಗಿದ್ದೆ. ಮ್ಮದ ಒತ್ತನ್ನು ಕಂಕುಳಿನಿಂದ ಕೆಳಗಿಳಿಸಿದರೆ ಕೆತ್ತಲು ಸುಲಭ ಎಂದು ಚಲುವಾಚಾರಿ ಹಟ ಹಿಡಿದ. ಆಗುವುದಿಲ್ಲ ಎಂದೆ. "ನಿಮ್ಮಂತ ಹಟ್ಮಾರಿ ಗಿರಾಕಿ ಗಾಡಿ ಮಾಡ್ಸಾಕೆ ಬಂದಿದ್ರೆ ನಾನು ಉಳಿ ಕೆಳಗಿಡ್ತಿದ್ದೆ ಕಣವ್ವ" ಎಂದ. ಆದರೂ ಕೆತ್ತಿದ. ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ತಂದೆ.

ಮಧ್ಯಾಹ್ನ ಚಿಕ್ಕಪ್ಪ ಮಸಿ ಸವರಿ ಒಂದು ಪ್ರತಿ ಒತ್ತಿದರು. ಅದೇ ಹೊತ್ತಿಗೆ ಹೊಂಬಾಳಮ್ಮನವರು ಬಂದರು. ಮದ್ದೂರಿನಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಪರದೆಯನ್ನು ಚಿಕ್ಕಮ್ಮ ಒಗೆಯಲು ತೆಗೆದಿದ್ದಳು. ನಾನು ಮಸಿ ಕೈಯಲ್ಲೇ ನಿಂತಿದ್ದೆ.

ಅವರು ಕಾಗದವನ್ನು ಮುಟ್ಟದೆ, ಬಗ್ಗಿ ನೋಡಿದರು. ತುಟಿ ಅಲ್ಲಾಡಿಸುತ್ತ ಓದಿದರು.

"ಇದು ನಾನೇನಾ?"

"ನೀವೇ" ಎಂದೆ.

"ಕೊಕ್ಕರೆ ಬೆಳ್ಳೂರಲ್ಲಿ ಹುಣಸೆಮರದ ಮ್ಯಾಲೆ ಕೊಕ್ಕರೆಗಳು ಒತ್ಕಂಡು ನಿಂತಿರ್ತವಲ್ಲ, ಅಂಗವೆ." ಇನ್ನೊಮ್ಮೆ ಬಗ್ಗಿ, "ಆದ್ರೆ ಇವು ಗೌಡ್ರ ಮನೇಲಿ ಉಂಡ ಕೊಕ್ಕರೆಗಳು!" ಎಂದರು.

ಚಿಕ್ಕಮ್ಮ ಒಳಗಿನಿಂದ ಕೇಳಿಸಿಕೊಂಡು ನಕ್ಕಳು. ಆಮೇಲೆ ಹೊಂಬಾಳಮ್ಮನವರು ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಮನೆಯಲ್ಲಿ ಅವರ ತಾಯಿ ಅಂಕಮ್ಮನಿಗೆ ಮಗಳು ರಾಣಿ ಆಗುತ್ತಾಳೆಂದರೆ ನಂಬಿಕೆಯಿಲ್ಲವಂತೆ. "‘ರಾಣಿ ಆಗಿದ್ರೆ ಹೆಸರು ಬರೀತಿದ್ರು ಕಣೇ, ನೀನು ಅಲ್ಲಿ ಅಡಿಗೆ ಮಾಡ್ತಿದ್ದೀಯ’ ಅಂತಾಳೆ ನಮ್ಮವ್ವ. ಬಿಡಿ ಅಮ್ಮಣ್ಣಿ, ಅವಳ ಮಾತು ಅಲ್ಲಿರ್ಲಿ. ಮಳವಳ್ಳಿ ಕಂಬದ ಮೇಲೆ ಬರ್ಬೇಕು. ಅಷ್ಟೇ ನಂಗೆ."

ಬಸ್ಸಿಗೆ ಹತ್ತಿಸಿ ಬಂದೆ.

೮ ಅಕ್ಟೋಬರ್, ಶುಕ್ರವಾರ

ಔಷಧದ ಅಂಗಡಿಯವರು ಹೊಂಬಾಳಮ್ಮನವರ ಅಕ್ಷರ ನೋಡಿ, ತಮ್ಮ ಜ್ವರದ ಪುಡಿಗೂ ಅಂಥದೇ ಬೇಕು ಎಂದರು. ಜ್ವರದ ಪುಡಿಗೆ ಇಷ್ಟು ಸಂತೋಷದ ಅಕ್ಷರ ಹೊಂದುವುದಿಲ್ಲ ಎಂದು ಹೇಳಿದೆ. ಅವರು ಯೋಚಿಸಿ, ಪುಡಿ ತಿಂದ ಮೇಲಿನ ಸಂತೋಷ ಎಂದು ತಿಳಿದುಕೊಳ್ಳಿ ಎಂದರು.

ಮೈಸೂರಿನ ಟಪ್ಪಾಲು ಬಂತೇನೇ ಎಂದು ಚಿಕ್ಕಮ್ಮ ಕೇಳಿದಳು. ಯಾವ ಟಪ್ಪಾಲು ಎಂದು ಒಂದು ಗಳಿಗೆ ಹೊಳೆಯಲಿಲ್ಲ. ಸ್ಕೂಲಿನ ಆರ್ಡರು ಇನ್ನೂ ಬಂದಿಲ್ಲ.

ಪರದೆ ಒಣಗಿ ಪೆಟ್ಟಿಗೆಯ ಮೇಲೆ ಮಡಿಸಿಟ್ಟಿದೆ. ಹಾಕಬೇಕು.

೧೩ ಅಕ್ಟೋಬರ್, ಆಯುಧಪೂಜೆ

ಅಚ್ಚುಕೂಟಕ್ಕೆ ರಜ. ನಾನು ಬೆಳಗಿನಿಂದ ಒಳಗೆ ಒಬ್ಬಟ್ಟಿನ ಹೂರಣ ರುಬ್ಬಿದೆ. ಅಚ್ಚಿನ ಯಂತ್ರಕ್ಕೆ ಮಾವಿನೆಲೆ, ಬಾಳೆಕಂಬ, ಸೇವಂತಿಗೆ. ಮೊಳೆಪೆಟ್ಟಿಗೆಯ ಮನೆಮನೆಗೂ ಒಂದೊಂದು ಕುಂಕುಮದ ಬೊಟ್ಟು. ಹೊಸ ಮರದ ಅಕ್ಷರಗಳನ್ನು ಚಿಕ್ಕಮ್ಮ ದೇವರ ಮುಂದೆಯೇ ಇಟ್ಟಿದ್ದಳು. ಅರಿಸಿನ, ಹೂವು, ಅಕ್ಷತೆ. ಮದುವಣಗಿತ್ತಿಯರ ಹಾಗಿದ್ದವು. ಚಿಕ್ಕಪ್ಪ ಮಂಗಳಾರತಿ ಎತ್ತುವಾಗ ಅವರ ಒಂದು ಕಣ್ಣಿನಲ್ಲಿ ನೀರಿತ್ತು. ಪೊರೆಯ ಕಣ್ಣೋ ಒಳ್ಳೆಯದೋ ನೋಡಲಿಲ್ಲ.

ನಾಳೆ ವಿಜಯದಶಮಿ, ಕೆಲಸಕ್ಕೆ ಕೈ ಹಾಕಬೇಕು. ನಾಳಿದ್ದು ಚಿಕ್ಕಬೋರಯ್ಯನವರು ಕಾಗದ ಒಯ್ಯಲು ಬರುತ್ತಾರೆ.

೧೪ ಅಕ್ಟೋಬರ್, ಗುರುವಾರ

ಜೋಡಿಸಲು ಕೂತೆ. ಹೊ ಇಟ್ಟರೆ ಅಲ್ಲಾಡಿತು. ಬಾ ಇಟ್ಟರೆ ಅದೂ ಅಲ್ಲಾಡಿತು. ಮಗುಚಿ ನೋಡಿದರೆ ಎಲ್ಲ ಹಲಗೆಗಳೂ ಕಾವಲಿಯ ಮೇಲೆ ಅಂಚೆದ್ದ ದೋಸೆಯ ಹಾಗೆ ಬಾಗಿವೆ. ಮಸಿ ಸವರಿ ಒತ್ತಿದರೆ ಅಂಚು ಮಾತ್ರ ಮೂಡಿತು. ಮಧ್ಯವೆಲ್ಲ ಖಾಲಿ.

ಚಿಕ್ಕಮ್ಮನನ್ನು ಕೇಳಿದೆ. ಹಳೆಯ ಅಕ್ಷರಗಳನ್ನು ಪ್ರತಿವರ್ಷ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾಳೆ, ಅಷ್ಟೇ. ಇವು ಹೊಸವು, ಮೊದಲ ಪೂಜೆ. "ತಲೆಗೆ ಎರೆದೆ ಕಣೇ" ಎಂದಳು. "ಎಣ್ಣೆ ಹಚ್ಚಿ, ಸೀಗೇಪುಡಿ ಹಾಕಿ, ಹಂಡೆಯ ಬಿಸಿನೀರಲ್ಲಿ. ಮೈ ಒಣಗಲಿ ಅಂತ ಬಿಸಿಲಿಗಿಟ್ಟೆ. ಹಬ್ಬದ ದಿನ ಮಕ್ಕಳಿಗೆ ಎರೆಯದೆ ದೇವರ ಮುಂದೆ ಕೂರಿಸ್ತಾರೇನೇ?"

ಹೇಳುತ್ತ ಹೇಳುತ್ತ ಏನಾಗಿದೆ ಎಂದು ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಹೋಯಿತು.

ಚಲುವಾಚಾರಿ ಹಬ್ಬಕ್ಕೆ ಭಾವನ ಊರಿಗೆ ಹೋಗಿದ್ದಾನೆ, ಸೋಮವಾರ ಬರುತ್ತಾನಂತೆ. ಚಿಕ್ಕಪ್ಪ ಬಾಗಿದ ಹಲಗೆಗಳನ್ನು ಒಂದು ಕಡೆ ಸರಿಸಿದರು. "ಇನ್ನೇನು ಮಾಡೋದು. ಕೆಳಗೆ ಸಣ್ಣ ಅಕ್ಷರದಲ್ಲೇ ಹಾಕಿ ಮುಗಿಸೋಣ. ಮುಂದಿನ ಊರಿಗೆ ನೋಡಿಕೊಂಡರಾಯಿತು" ಎಂದರು.

ಬೇಡ ಎಂದೆ. ಮುಂದಿನ ಊರಿಗೆ ಹೊಂಬಾಳಮ್ಮನವರು ಇರುವುದಿಲ್ಲ, ಆತಗೂರಿನ ಗದ್ದೆಯಲ್ಲಿರುತ್ತಾರೆ ಎಂದೆ.

ಅನ್ನದ ಗಂಜಿ ಮಾಡಿಕೊಂಡು ಕೂತೆವು. ಅಲ್ಲಾಡುವ ಹಲಗೆಯ ಬುಡಕ್ಕೆ ಹಳೆಯ ಪತ್ರಿಕೆಯ ಪಟ್ಟಿ ಅಂಟಿಸುವುದು, ಇಟ್ಟು ನೋಡುವುದು, ಇನ್ನೊಂದು ಪಟ್ಟಿ. ಮಧ್ಯ ತಗ್ಗಾಗಿರುವ ಕಡೆಗೆ, ಮೇಲಿನಿಂದ ಕಾಗದವನ್ನು ಅಕ್ಷರಕ್ಕೆ ಒತ್ತುವ ದಿಂಬಿನಂಥ ಮೆತ್ತೆಯ ಹಾಳೆಗಳ ನಡುವೆ ಅದೇ ಆಕಾರದ ತುಂಡು ಕತ್ತರಿಸಿ ಸೇರಿಸುವುದು. ಜೋರಾಗಿ ಒತ್ತಿದರೆ ಮರ ಸೀಳುತ್ತದೆ. ಒಂದೊಂದು ಅಕ್ಷರದ ಕಾಯಿಲೆಯೂ ಬೇರೆ. ಚಿಕ್ಕಮ್ಮ ಕತ್ತರಿ ಹಿಡಿದಳು. ಅವಳು ಕತ್ತರಿಸಿದ ತುಂಡುಗಳು ಅಷ್ಟು ಚೊಕ್ಕ! ಸಂಡಿಗೆ, ಚಕ್ಕುಲಿ, ರಂಗೋಲಿ ಎಲ್ಲ ಮಾಡಿದ ಕೈ.

ದೀಪ ಹಚ್ಚುವ ಹೊತ್ತಿಗೆ ಹೆಸರು ಪೂರ್ತಿ ಮೂಡಿತು. ಮೊದಲಿನ ಹಾಗಲ್ಲ. ಬಾ ಸ್ವಲ್ಪ ವಾಲಿ ಳದ ಹೆಗಲಿಗೆ ಆತುಕೊಂಡಿದೆ. ಮ್ಮ ತುದಿಗಾಲಲ್ಲಿ ನಿಂತಿದೆ. ಸೊನ್ನೆ ಒಂಚೂರು ಹಾರಿದೆ. ನೇರ ಮಾಡಲು ನೋಡಿದೆ, ಹಟ ಮಾಡಿದವು. ಹಾಗೇ ಬಿಟ್ಟೆ.

೧೫ ಅಕ್ಟೋಬರ್, ಶುಕ್ರವಾರ

ಚಿಕ್ಕಪ್ಪ ಒತ್ತುತ್ತಿದ್ದರು, ನಾನು ಕಾಗದ ಎತ್ತಿ ದಾರಕ್ಕೆ ಹಾಕುತ್ತಿದ್ದೆ. ಚಿಕ್ಕಬೋರಯ್ಯನವರು ಬಂದು ಒಂದನ್ನು ನೋಡಿ ನಿಂತುಬಿಟ್ಟರು.

"ಇದೇನ್ ಸ್ವಾಮಿ, ಇವಳ ಹೆಸರು ಶಿವಯ್ಯನ ಹೆಸರಿಗಿಂತ ಎತ್ತರಕ್ಕೈತೆ!"

ಅಳತೆಪಟ್ಟಿ ತಂದು ಎರಡರ ಮೇಲೂ ಇಟ್ಟು ತೋರಿಸಿದೆ. ಎತ್ತರ ಒಂದೇ. ಒತ್ತಾಗಿ, ದಪ್ಪಗೆ ನಿಂತಿರುವುದರಿಂದ ಹಾಗೆ ಕಾಣುತ್ತದೆ ಎಂದೆ.

"ಅಂಗಾದ್ರೆ ಒಸಿ ಸಣ್ಣ ಮಾಡಿ."

"ಒಂದೇ ಸಾಲಿಗೆ, ಅದೇ ಎತ್ತರಕ್ಕೆ ಕೂತರೆ ಹಾಕಿ, ಅಡ್ಡಿ ಇಲ್ಲ ಅಂತ ನೀವೇ ಹೇಳಿದ್ದಿರಿ. ಕೂತಿದೆ."

"ನಾನು ಅಂಗಂದಾಗ ನೀವೆಲ್ಲಿದ್ರಿ ತಾಯಿ?"

"ಇಲ್ಲೇ."

ಅವರು ಸುತ್ತ ನೋಡಿದರು. ಚಿಕ್ಕಪ್ಪ ಯಂತ್ರದ ಹಿಡಿಯನ್ನು ಒರೆಸುತ್ತ ಬೇರೆ ಕಡೆ ಮುಖ ಮಾಡಿದ್ದರು.

"ಸರಿ, ಇವು ಯಾಕೆ ಇಂಗೆ ತೂರಾಡ್ತವೆ? ಹೆಂಡ ಕುಡುದ್ವಾ?"

"ಎಣ್ಣೆಸ್ನಾನ ಆಗಿದೆ" ಎಂದರು ಚಿಕ್ಕಪ್ಪ.

ಚಿಕ್ಕಬೋರಯ್ಯನವರು ಕಾಗದವನ್ನು ಬಾಗಿಲಿಗೆ ಒರಗಿಸಿ, ರಸ್ತೆಗೆ ಇಳಿದು ಅಲ್ಲಿಂದ ನೋಡಿದರು. ದಾರಿಯಲ್ಲಿ ಹುಲ್ಲು ಹೊರೆ ಹೊತ್ತವನೊಬ್ಬ ನಿಂತು, "ಹೊಂ-ಬಾ-ಳಮ್ಮ" ಎಂದು ಬಿಡಿಸಿ ಓದಿ, "ಯಾರಣ್ಣ ಅದು?" ಎಂದು ಅವರನ್ನೇ ಕೇಳಿದ. ಅವರು ಕಾಗದ ಎತ್ತಿಕೊಂಡು ಒಳಗೆ ಬಂದರು.

"ಕಟ್ಟಿ ಕೊಡಿ" ಎಂದರು. "ನಾಟಕದ ಕಂಪ್ನಿ ತಾನೆ. ಕುಣೀಲಿ ಬುಡಿ. ಶಿವಯ್ಯಂಗೆ ನಾನೇನೋ ಏಳ್ಕತೀನಿ."

ಕೈಯಿಂದ ಮಸಿ ಹೋಗಿಲ್ಲ. ಊಟ ರುಚಿಯಾಗಿತ್ತು.

೧೮ ಅಕ್ಟೋಬರ್, ಸೋಮವಾರ

ನಿನ್ನೆ ಮಳವಳ್ಳಿಯಲ್ಲಿ ಹೆಂಗಸರಿಗೆಂದೇ ಹಗಲಾಟ ಇಟ್ಟಿದ್ದರು. ಹೊಂಬಾಳಮ್ಮನವರು ಹೇಳಿಕಳಿಸಿದ್ದರು. ಚಿಕ್ಕಮ್ಮನೂ ನಾನೂ ಬಸ್ಸಿನಲ್ಲಿ ಹೋದೆವು.

ಊರು ಸಮೀಪಿಸುತ್ತಲೇ ಮೊದಲ ಕಂಬ ಕಂಡಿತು. ಆಮೇಲೆ ಒಂದು ಹೊಂಗೆಮರ. ಆಮೇಲೆ ನಮ್ಮ ಮುಂದೆ ಹೋಗುತ್ತಿದ್ದ ಇನ್ನೊಂದು ಬಸ್ಸಿನ ಬೆನ್ನು. ಬಸ್ಸು ಕುಲುಕಿದಾಗಲೆಲ್ಲ ಅಕ್ಷರಗಳೂ ಕುಲುಕಿದವು. ಚಿಕ್ಕಮ್ಮ ಒಂದೊಂದಕ್ಕೂ, "ಇದು ನಾನು ಕತ್ತರಿಸಿದ ಬಾ" ಎಂದು ಪಕ್ಕದವಳಿಗೆ ತೋರಿಸುತ್ತಿದ್ದಳು. ಅವಳಿಗೆ ಏನೂ ಅರ್ಥವಾಗಲಿಲ್ಲ.

ಡೇರೆಯ ಬಾಗಿಲ ಕಂಬಕ್ಕೂ ಒಂದು ಅಂಟಿಸಿದ್ದರು. ಹೊಂಬಾಳಮ್ಮನವರು ಮುಖಕ್ಕೆ ಬಣ್ಣ ಹಚ್ಚಿಕೊಂಡು, ರಾಣಿಯ ಸೀರೆಯಲ್ಲೇ ಹೊರಗೆ ಬಂದು ಅದರ ಮುಂದೆ ನಿಂತಿದ್ದರು. ನಮ್ಮನ್ನು ನೋಡಿರಲಿಲ್ಲ. ಮಗುವಿನ ಬೆನ್ನು ತಟ್ಟುವ ಹಾಗೆ ಹೆಸರಿನ ಮೇಲೆ ಅಂಗೈ ಇಟ್ಟರು, ತೆಗೆದರು. ಯಾರೋ ಒಳಗಿನಿಂದ ಕೂಗಿದರು. ಓಡಿದರು.

ಡೇರೆ ತುಂಬ ಹೆಂಗಸರು, ಕೂಸುಗಳು, ಕಡಲೆಕಾಯಿ ಸಿಪ್ಪೆ. ನಮ್ಮ ಮುಂದೆ ಇಬ್ಬರು ಕೂತಿದ್ದರು. ಪರದೆ ಎದ್ದು ರಾಣಿ ಬರುತ್ತಲೇ ಒಬ್ಬಳು, "ನೋಡೇ ಇಂದ್ರಮ್ಮ, ಭುಜ ನೋಡು. ಗಂಡ್ಸು ಕಣೇ ಅದು" ಎಂದಳು.

"ಗಂಡ್ಸಲ್ಲ ಕಣಕ್ಕ. ಹೊಂಬಾಳಮ್ಮ ಅಂತ ಕಂಬದ ಮ್ಯಾಲೆ ಆಕವ್ರೆ, ನೀನು ನೋಡ್ಲಿಲ್ವಾ?"

"ಸುಳ್ಳು ಆಕಿರ್ತಾರೆ ಬುಡು."

"ಅಷ್ಟು ದಪ್ಪಕೆ ಯಾರಾದ್ರೂ ಸುಳ್ಳು ಆಕ್ತಾರಾ?"

ಅಕ್ಕ ಎನ್ನಿಸಿಕೊಂಡವಳು ಯೋಚಿಸಿದಳು. ಆಕಾಕಿಲ್ಲ ಎಂದು ಒಪ್ಪಿಕೊಂಡಳು. ಆಮೇಲೆ ಅವಳೇ ಹಿಂದೆ ತಿರುಗಿ, ಹೆಂಗ್ಸಂತೆ, ಹೆಂಗ್ಸಂತೆ ಎಂದು ನಮಗೆಲ್ಲ ಹೇಳಿದಳು.

ಅಷ್ಟರಲ್ಲಿ ರಾಣಿ ಮುಂದೆ ಬಂದು ಪ್ರಜೆಗಳಿಗೆ ಅಭಯವೆಂದು ಕೈಯೆತ್ತಿದರು. ಅಂಗೈ ಕಪ್ಪಗಿತ್ತು. ಬಾಗಿಲ ಕಂಬದ ಹೆಸರಿಗೆ ದಪ್ಪಗೆ ಹತ್ತಿದ ಮಸಿ ಇನ್ನೂ ಒಣಗಿರಲಿಲ್ಲ. ಡೇರೆಯಲ್ಲಿ ನಗು ಎದ್ದಿತು. ಅವರು ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಒಂದು ಗಳಿಗೆ ಏನು ಮಾಡುವುದೋ ತಿಳಿಯದೆ ನಿಂತರು. ಆಗ ಯಾರೋ "ಹೊಂಬಾಳಮ್ಮಾ!" ಎಂದು ಗಟ್ಟಿಯಾಗಿ ಕೂಗಿದರು. ನಗು ನಿಂತು ಇಡೀ ಡೇರೆ ಆ ಹೆಸರನ್ನು ಹಿಡಿದುಕೊಂಡಿತು. ಅವರು ಕೈ ಇಳಿಸಲಿಲ್ಲ. ಇನ್ನೂ ಮೇಲಕ್ಕೆತ್ತಿದರು. ಆಮೇಲೆ ಆಡಿದ ಮಾತು ಕೊನೆಯ ಸಾಲಿಗೂ ಕೇಳಿಸಿರಬೇಕು.

ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ, "ಅಷ್ಟು ಜೋರಾಗಿ ಕಿರುಚೋದೇನೇ ಕನಕ, ನಾಲ್ಕು ಸಾಲಿನವರು ತಿರುಗಿ ನೋಡಿದರು" ಎಂದಳು. ನಾನಲ್ಲ, ಹಿಂದೆ ಕೂತವರು ಯಾರೋ ಇರಬೇಕು ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಬೆಳಿಗ್ಗೆಯಿಂದ ಗಂಟಲು ಕಟ್ಟಿದೆ. ಮಾತೇ ಹೊರಡುತ್ತಿಲ್ಲ. ಮಳವಳ್ಳಿಯ ನೀರು ಒಗ್ಗಲಿಲ್ಲವೆಂದು ಕಾಣುತ್ತದೆ.